ಪಕ್ಕದ ಮನೆಯ ಹಬ್ಬಕ್ಕೆ ಹೋಗುವಾಗ: ಯಾರ ಗೆರೆ ಎಲ್ಲಿದೆ?

ಗಣೇಶ ಚೌತಿಯ ದಿನ ಒಂದೇ ಕಚೇರಿಯ ಮೂವರು ತಮ್ಮ ಸಹೋದ್ಯೋಗಿಯ ಮನೆಗೆ ಹೋಗಿದ್ದಾರೆ ಎಂದುಕೊಳ್ಳಿ. ಮಂಗಳಾರತಿಯ ತಟ್ಟೆ ಬರುತ್ತದೆ. ಮೊದಲನೆಯವರು ಎರಡೂ ಕೈ ಚಾಚಿ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾರೆ. ಎರಡನೆಯವರು ಎದ್ದು ನಿಂತು ಗೌರವ ತೋರಿಸುತ್ತಾರೆ, ತಟ್ಟೆಗೆ ಕೈ ಚಾಚುವುದಿಲ್ಲ. ಮೂರನೆಯವರು ಪೂಜೆ ಮುಗಿಯುವವರೆಗೂ ಜಗುಲಿಯಲ್ಲಿ ಮಕ್ಕಳೊಂದಿಗೆ ಮಾತನಾಡುತ್ತಿದ್ದು, ಎಲೆ ಹಾಕಿದಾಗ ಒಳಗೆ ಬರುತ್ತಾರೆ. ಮೂವರಿಗೂ ಆ ಮನೆಯವರ ಮೇಲೆ ಒಂದೇ ಪ್ರೀತಿ. ಆದರೆ ಮನೆಯ ಹಿರಿಯರಿಗೆ ಎರಡನೆಯವರ ಮತ್ತು ಮೂರನೆಯವರ ನಡೆ ಚುಚ್ಚಬಹುದು. ‘ನಾವು ಅವರ ದರ್ಗಾಕ್ಕೆ ಹೋಗಿ ತಲೆಬಾಗುತ್ತೇವೆ, ಅವರ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತೇವೆ, ಇವರಿಗೇನು ಕಷ್ಟ?’ ಎಂಬ ಮಾತು ಅಡುಗೆಮನೆಯಲ್ಲಿ ಕೇಳಬಹುದು.

ಆ ಪ್ರಶ್ನೆಗೆ ನ್ಯಾಯವಾದ ಉತ್ತರವಿದೆ. ಅದನ್ನು ಯಾರೂ ಕೂತು ವಿವರಿಸದೆ ಇರುವುದರಿಂದಲೇ ಎಷ್ಟೋ ಸ್ನೇಹಗಳಲ್ಲಿ ಸಣ್ಣ ಮುಳ್ಳು ಉಳಿದುಬಿಡುತ್ತದೆ.

ಬೇರೆ ಧರ್ಮದವರ ಹಬ್ಬಕ್ಕೆ ಹೋಗುವುದು ಮೇಲ್ನೋಟಕ್ಕೆ ಒಂದೇ ಕೆಲಸ. ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕಿವೆ. ಮನೆಗೆ ಹೋಗಿ ಅವರ ಸಂತೋಷದಲ್ಲಿ ಸೇರುವುದು ಒಂದು. ಅವರು ಬಡಿಸಿದ್ದನ್ನು ಉಣ್ಣುವುದು ಇನ್ನೊಂದು. ಪೂಜೆ, ಪ್ರಾರ್ಥನೆ, ಹರಕೆಗಳಲ್ಲಿ ಕೈಜೋಡಿಸುವುದು ಮೂರನೆಯದು. ಆ ಪೂಜೆಯ ಹಿಂದಿರುವ ನಂಬಿಕೆಯನ್ನು ನನ್ನದೆಂದು ಒಪ್ಪುವುದು ನಾಲ್ಕನೆಯದು. ‘ಇಲ್ಲಿಯವರೆಗೆ ಎಲ್ಲರೂ ಬರಬಹುದು, ಇಲ್ಲಿಂದಾಚೆ ಬೇಡ’ ಎಂಬ ಗೆರೆಯನ್ನು ಪ್ರತಿಯೊಂದು ಧರ್ಮವೂ ಈ ನಾಲ್ಕರ ನಡುವೆ ಎಲ್ಲೋ ಎಳೆಯುತ್ತದೆ. ಆದರೆ ಎಲ್ಲರೂ ಒಂದೇ ಜಾಗದಲ್ಲಿ ಎಳೆಯುವುದಿಲ್ಲ.

ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳಲ್ಲಿ ಗೆರೆ ಬೀಳುವುದು ಆರಾಧನೆಯ ಮೇಲೆ. ದೇವರು ಒಬ್ಬನೇ, ಆರಾಧನೆ ಅವನಿಗೆ ಮಾತ್ರ ಸಲ್ಲಬೇಕು ಎಂಬುದು ಅಲ್ಲಿ ನಂಬಿಕೆಯ ಮೊದಲ ಮೆಟ್ಟಿಲು. ಆದ್ದರಿಂದ ಮನೆಗೆ ಬರುವುದು, ಅಡುಗೆಮನೆಯಲ್ಲಿ ಕೂರುವುದು, ಒಂದೇ ತಟ್ಟೆಯಲ್ಲಿ ಕೈಹಾಕಿ ಉಣ್ಣುವುದು ಯಾವುದಕ್ಕೂ ಸಾಮಾನ್ಯವಾಗಿ ತಡೆಯಿಲ್ಲ. ಮೂರ್ತಿಯ ಮುಂದೆ ಕೈಮುಗಿಯುವುದು ಮಾತ್ರ ದೊಡ್ಡ ಸಂಗತಿಯಾಗುತ್ತದೆ. ಹಿಂದೂ ಸಂಪ್ರದಾಯಗಳಲ್ಲಿ ಹಾಗಲ್ಲ. ಯಾವ ದೇವರಿಗೆ ಕೈಮುಗಿದರೂ ಇನ್ನೊಂದು ದೇವರಿಗೆ ದ್ರೋಹವಾಗುವುದಿಲ್ಲ ಎಂಬ ಭಾವನೆ ಇಲ್ಲಿ ಆಳವಾಗಿದೆ. ಆದರೆ ಗೆರೆ ಇಲ್ಲವೇ ಇಲ್ಲ ಎಂದಲ್ಲ. ಅದು ಮಡಿಯ ಮೇಲೆ ಬಿದ್ದಿದೆ. ಗರ್ಭಗುಡಿಯ ಹೊಸ್ತಿಲು, ಅಡುಗೆಮನೆಯ ಬಾಗಿಲು, ನೈವೇದ್ಯದ ಪಾತ್ರೆ, ಊಟದ ಪಂಕ್ತಿ ಇವೇ ಇಲ್ಲಿಯ ಗಡಿಗಳು.

ಹಾಗಾಗಿ ದರ್ಗಾದಲ್ಲಿ ಸಲೀಸಾಗಿ ತಲೆಬಾಗುವ ಹಿಂದೂ ಗೆಳೆಯನಿಗೆ ಮುಸ್ಲಿಂ ಗೆಳೆಯ ಆರತಿಗೆ ಏಕೆ ಹಿಂಜರಿಯುತ್ತಾನೆಂದು ತಿಳಿಯುವುದಿಲ್ಲ. ಮನೆಯ ಒಳಗೋಣೆಯವರೆಗೂ ಸ್ನೇಹಿತನನ್ನು ಕರೆದೊಯ್ಯುವ ಮುಸ್ಲಿಂ ಅಥವಾ ಕ್ರೈಸ್ತ ಗೃಹಿಣಿಗೆ, ತನ್ನನ್ನು ಅಷ್ಟು ಪ್ರೀತಿಸುವ ಗೆಳತಿಯ ಮನೆಯಲ್ಲಿ ದೇವರ ಕೋಣೆಯೋ ಅಡುಗೆಮನೆಯೋ ಏಕೆ ಮುಚ್ಚಿರುತ್ತದೆಂದು ತಿಳಿಯುವುದಿಲ್ಲ. ಇಬ್ಬರೂ ತಮ್ಮ ಗೆರೆಯ ಅಳತೆಯಿಂದ ಎದುರಿನವರ ಪ್ರೀತಿಯನ್ನು ಅಳೆಯುತ್ತಿದ್ದಾರೆ. ತಲೆಬಾಗಿದವನು ಹೆಚ್ಚು ಉದಾರಿ, ಬಾಗದವನು ಕಡಿಮೆ ಉದಾರಿ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಬ್ಬನಿಗೆ ಏನೂ ಕಳೆದುಕೊಳ್ಳದೆ ಮಾಡಬಹುದಾದ ಕೆಲಸ ಇನ್ನೊಬ್ಬನಿಗೆ ಅಂತಃಸಾಕ್ಷಿಯನ್ನೇ ತೆರುವ ಕೆಲಸವಾಗಿರಬಹುದು.

ಮಡಿಯ ಗೆರೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದು ಅನ್ಯಧರ್ಮೀಯರಿಗಾಗಿ ಹುಟ್ಟಿದ ಗೆರೆಯಲ್ಲ. ನಮ್ಮದೇ ಜಾತಿಗಳ ನಡುವೆ ಶತಮಾನಗಳಿಂದ ಎಳೆಯುತ್ತ ಬಂದದ್ದು. ಪಕ್ಕದ ಕೇರಿಯವರ ಮನೆಯ ಹಬ್ಬದೂಟಕ್ಕೆ ಹೋಗದವರು ದೂರದ ಧರ್ಮದವರ ಹಬ್ಬದ ಬಗ್ಗೆ ಸೌಹಾರ್ದದ ಭಾಷಣ ಮಾಡಿದರೆ ಅದು ಅರ್ಧ ಮಾತು. ಸಿಖ್ಖರ ಗುರುದ್ವಾರದ ಸಾಮೂಹಿಕ ಊಟವಾದ ಲಂಗರ್ ಮತ್ತು ನಮ್ಮ ಶರಣರ ದಾಸೋಹ ಎರಡೂ ಈ ಗೆರೆಯನ್ನು ಅಳಿಸಲೆಂದೇ ಹುಟ್ಟಿಕೊಂಡವು. ಬೀದರಿನ ಗುರುದ್ವಾರವಾದ ನಾನಕ್ ಝೀರಾ ಸಾಹಿಬ್‌ಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದವರೆಲ್ಲ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಾರೆ. ಯಾವ ಧರ್ಮ, ಯಾವ ಜಾತಿ ಎಂದು ಕೇಳುವವರಿಲ್ಲ. ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಕಡಾ ಪ್ರಸಾದವನ್ನು ಎರಡೂ ಕೈ ಬೊಗಸೆ ಮಾಡಿ ತೆಗೆದುಕೊಳ್ಳಬೇಕು. ತಂಬಾಕು, ಸಿಗರೇಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಾರದು. ಅತಿಥಿಗೆ ಬಹುಶಃ ಅತ್ಯಂತ ಸುಲಭವಾದ ಧಾರ್ಮಿಕ ಸ್ಥಳ ಇದು. ಸಿಖ್ಖರ ದೀಕ್ಷಿತ ಸಮುದಾಯವಾದ ಖಾಲ್ಸಾದ ಮೊದಲ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ ಎಂಬುದು ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿದಿರಬೇಕಿತ್ತು.

ಎಲೆಯ ಮುಂದೆ

ಹಬ್ಬವೆಂದರೆ ಊಟ, ಹಾಗಾಗಿ ಗೊಂದಲವೂ ಅಲ್ಲಿಯೇ ಹೆಚ್ಚು. ಮಾಂಸ–ಸಸ್ಯಾಹಾರದ ಸಂಗತಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಸೂಕ್ಷ್ಮವಾದದ್ದು, ಇನ್ನೊಂದು ದೇವರಿಗೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂಬ ಪ್ರಶ್ನೆ.

ಈ ಪ್ರಶ್ನೆ ಇಂದಿನದಲ್ಲ. ಸುಮಾರು ಕ್ರಿ.ಶ. 55ರಲ್ಲಿ ಗ್ರೀಸಿನ ಕೊರಿಂಥ ಪಟ್ಟಣದ ಹೊಸ ಕ್ರೈಸ್ತರು ಇದೇ ಪ್ರಶ್ನೆಯನ್ನು ಸಂತ ಪೌಲನ ಮುಂದಿಟ್ಟರು. ಆ ಊರಿನಲ್ಲಿ ಗುಡಿಗಳಲ್ಲಿ ಬಲಿಕೊಟ್ಟ ಪ್ರಾಣಿಯ ಮಾಂಸವೇ ಮಾರುಕಟ್ಟೆಗೂ ಬರುತ್ತಿತ್ತು. ನೆರೆಯವರು ಊಟಕ್ಕೆ ಕರೆದರೆ ಬಡಿಸುವುದೂ ಅದೇ ಆಗಿರಬಹುದಿತ್ತು. ಪೌಲ ಕೊಟ್ಟ ಉತ್ತರವನ್ನು ಇಂದಿಗೂ ಓದಬೇಕು. ಮೂರ್ತಿಗೆ ಸ್ವತಃ ಶಕ್ತಿಯಿಲ್ಲವೆಂದು ತಿಳಿದವನಿಗೆ ಆಹಾರದಿಂದ ಕೇಡಿಲ್ಲ. ಕರೆದವರ ಮನೆಗೆ ಹೋಗುವ ಮನಸ್ಸಿದ್ದರೆ ಹೋಗು, ಬಡಿಸಿದ್ದನ್ನು ಪ್ರಶ್ನೆ ಮಾಡದೆ ತಿನ್ನು. ಆದರೆ ‘ಇದು ದೇವರಿಗೆ ಅರ್ಪಿಸಿದ್ದು’ ಎಂದು ಯಾರಾದರೂ ಹೇಳಿದರೆ ತಿನ್ನಬೇಡ, ನಿನಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ. ಅದೇ ಪತ್ರದಲ್ಲಿ, ಗುಡಿಯ ಪೂಜಾಭೋಜನದಲ್ಲಿ ಪಾಲುಗೊಳ್ಳುವುದನ್ನು ಅವನು ಕಟ್ಟುನಿಟ್ಟಾಗಿ ಬೇಡವೆನ್ನುತ್ತಾನೆ. ಕರ್ನಾಟಕದಲ್ಲಿ ಇಂದು ಒಬ್ಬ ಕ್ಯಾಥೊಲಿಕ್ ನೆರೆಯವರು ಕಡುಬು ತಿಂದು ಹೋಗುತ್ತಾರೆ, ಇನ್ನೊಬ್ಬ ಪೆಂಟೆಕಾಸ್ಟಲ್ ನೆರೆಯವರು ಪ್ರಸಾದವೆಂದರೆ ಬೇಡ ಎನ್ನುತ್ತಾರೆ. ಇಬ್ಬರೂ ಓದುವುದು ಅದೇ ಪತ್ರವನ್ನು. ಒಬ್ಬರು ಅದರ ಮೊದಲ ಮಾತಿಗೆ ಹೆಚ್ಚು ತೂಕ ಕೊಡುತ್ತಾರೆ, ಇನ್ನೊಬ್ಬರು ಎರಡನೆಯ ಮಾತಿಗೆ.

ಕುರ್‌ಆನ್ ಅಲ್ಲಾಹನಲ್ಲದೆ ಬೇರೆಯವರ ಹೆಸರು ಹೇಳಿ ಅರ್ಪಿಸಿದ್ದನ್ನು ನಿಷೇಧಿಸುತ್ತದೆ. ಇದನ್ನು ಬಲಿಯ ಮಾಂಸಕ್ಕೆ ಸಂಬಂಧಿಸಿದ ಮಾತೆಂದು ತಿಳಿಯುವವರಿದ್ದಾರೆ. ನೈವೇದ್ಯವಾದ ಸಿಹಿ, ಹಣ್ಣುಗಳಿಗೂ ಅನ್ವಯಿಸುವವರು ಅನೇಕರು. ಆದರೆ ನೈವೇದ್ಯ ಮಾಡದ ಹಬ್ಬದಡುಗೆ, ಅಂಗಡಿಯ ಸಿಹಿ ಇವುಗಳಿಗೆ ಬಹುತೇಕ ಯಾರ ಆಕ್ಷೇಪವೂ ಇಲ್ಲ. ಅದೇ ಕುರ್‌ಆನಿನ 60ನೆಯ ಅಧ್ಯಾಯವು, ಧರ್ಮದ ಕಾರಣಕ್ಕೆ ನಿಮ್ಮೊಂದಿಗೆ ಯುದ್ಧ ಮಾಡದವರ ಜೊತೆ ಒಳ್ಳೆಯದಾಗಿ, ನ್ಯಾಯವಾಗಿ ನಡೆದುಕೊಳ್ಳುವುದನ್ನು ದೇವರು ತಡೆಯುವುದಿಲ್ಲ ಎನ್ನುತ್ತದೆ. ಹಬ್ಬಕ್ಕೆ ಹೋಗುವುದನ್ನು, ಶುಭ ಕೋರುವುದನ್ನು ಸಮರ್ಥಿಸುವ ಮುಸ್ಲಿಂ ವಿದ್ವಾಂಸರು ನೆನಪಿಸುವ ವಾಕ್ಯ ಇದು. ಒಪ್ಪದ ವಿದ್ವಾಂಸರೂ ಇದ್ದಾರೆ. ನಿಮ್ಮ ಗೆಳೆಯರು ಯಾರ ಮಾತನ್ನು ಅನುಸರಿಸುತ್ತಾರೆಂಬುದು ಅವರನ್ನು ಕೇಳಿದರೆ ಮಾತ್ರ ತಿಳಿಯುತ್ತದೆ.

ಇದರಿಂದ ಮನೆಯ ಯಜಮಾನಿಗೆ ಸಿಗುವ ಉಪಾಯ ಬಹಳ ಸರಳ. ಎಡೆ ಇಡುವ ಮೊದಲೇ ಒಂದು ಪಾತ್ರೆಯಲ್ಲಿ ಒಂದಿಷ್ಟು ಹೋಳಿಗೆ, ಪಾಯಸ, ಕೋಸಂಬರಿ ತೆಗೆದಿಟ್ಟು, ‘ಇದು ನೈವೇದ್ಯ ಆಗಿಲ್ಲ, ನಿಮಗೆಂದೇ ತೆಗೆದಿಟ್ಟೆ’ ಎಂದು ಹೇಳುವುದು. ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಯಾವ ಚರ್ಚೆಯೂ ಇಲ್ಲದೆ ಇದನ್ನು ಮಾಡಿಕೊಂಡು ಬಂದಿದ್ದಾರೆ. ಅತ್ತ ರಮ್ಜಾನಿಗೂ ಬಕ್ರೀದಿಗೂ ಸಸ್ಯಾಹಾರಿ ಗೆಳೆಯರಿಗಾಗಿ ಬೇರೆ ಪಾತ್ರೆ, ಬೇರೆ ಒಲೆ, ಕೆಲವೊಮ್ಮೆ ಬೇರೆ ಅಡುಗೆಯವರನ್ನೇ ಗೊತ್ತುಮಾಡುವ ಮುಸ್ಲಿಂ ಮನೆಗಳಿವೆ. ಹಾಲು, ಖರ್ಜೂರ, ಶಾವಿಗೆಯ ಶೀರ್ ಖುರ್ಮಾ ಹೇಗೂ ಎಲ್ಲರಿಗೂ ಆಗುವ ಸಿಹಿ. ಬಕ್ರೀದಿನ ಮಾಂಸವನ್ನು ಮನೆಗೆ, ನೆಂಟರಿಷ್ಟರಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವ ರೂಢಿಯಿದೆ. ನಿಮ್ಮ ಮನೆಗೆ ಪಾಲು ಬಂದರೆ ನಿಮ್ಮನ್ನು ನೆಂಟರೆಂದು ಎಣಿಸಿದ್ದಾರೆ ಎಂದರ್ಥ. ನೀವು ಮಾಂಸ ತಿನ್ನುವುದಿಲ್ಲವಾದರೆ ಅದನ್ನು ಮುಂಚೆಯೇ, ಮುಖ ಸಿಂಡರಿಸದೆ, ಹೇಳಿಬಿಡಿ. ಬಡಿಸಿದ ಮೇಲೆ ತಟ್ಟೆಯನ್ನು ಅನುಮಾನದಿಂದ ನೋಡುವುದು, ‘ಇದರಲ್ಲಿ ಏನಿದೆ’ ಎಂದು ಮತ್ತೆ ಮತ್ತೆ ಕೇಳುವುದು ನೋಯಿಸುವ ಸಂಗತಿ.

ಜೈನರ ಮನೆಗೆ ಹೋಗುವಾಗ ಲೆಕ್ಕವೇ ಬೇರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಯಂಥ ನೆಲದೊಳಗೆ ಬೆಳೆಯುವುವು ಸಲ್ಲುವುದಿಲ್ಲ, ಜೇನುತುಪ್ಪವೂ ಸಲ್ಲದು. ಆಚರಣೆಯಲ್ಲಿ ಗಟ್ಟಿಯಾಗಿರುವವರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ, ಹಾಗಾಗಿ ರಾತ್ರಿ ಎಂಟಕ್ಕೆ ಊಟದ ಹೊತ್ತಿಗೆಂದು ಹೋದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ. ಉಡುಗೊರೆಯಾಗಿ ಚರ್ಮದ ವಸ್ತು ಬೇಡ.

ಒಳಗಿನ ಪೀಠ, ಹೊರಗಿನ ಅಂಗಳ

ಕ್ರಿಸ್ಮಸ್ ರಾತ್ರಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಗೆ (ಮಾಸ್) ಈಗ ಬೇರೆ ಧರ್ಮದವರು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಾರೆ. ಯೇಸುವಿನ ಜನನದ ಗೊಂಬೆಗಳ ಗೋದಲಿ, ದೀಪಗಳು, ಹಾಡು ಎಲ್ಲವೂ ಸೊಗಸು. ಅಲ್ಲಿ ತಿಳಿಯದೆ ಆಗುವ ಒಂದು ಪ್ರಮಾದವಿದೆ. ಪೂಜೆಯ ಕೊನೆಯ ಭಾಗದಲ್ಲಿ ಜನರು ಸಾಲಾಗಿ ಪೀಠದ ಕಡೆಗೆ ಹೋಗಿ ಬಿಳಿಯ ಸಣ್ಣ ರೊಟ್ಟಿಯ ಬಿಲ್ಲೆಯನ್ನು, ಅಂದರೆ ಅಪ್ಪವನ್ನು, ಸ್ವೀಕರಿಸುತ್ತಾರೆ. ಇದು ಪರಮಪ್ರಸಾದ. ದೇವಸ್ಥಾನದಲ್ಲಿ ತೀರ್ಥಪ್ರಸಾದಕ್ಕೆ ಸಾಲು ನಿಂತು ಅಭ್ಯಾಸವಿರುವವರು, ನಿರಾಕರಿಸಿದರೆ ಅಗೌರವವಾದೀತೆಂದು, ಭಕ್ತಿಯಿಂದಲೇ ಆ ಸಾಲಿನಲ್ಲಿ ಸೇರುತ್ತಾರೆ. ಆದರೆ ಕ್ಯಾಥೊಲಿಕ್ ನಂಬಿಕೆಯಲ್ಲಿ ಪವಿತ್ರೀಕರಿಸಿದ ಆ ಅಪ್ಪ ಕ್ರಿಸ್ತನ ಶರೀರವೇ. ಸಂಕೇತವಲ್ಲ, ನೆನಪಿನ ಕಾಣಿಕೆಯೂ ಅಲ್ಲ. ಅದನ್ನು ಸ್ವೀಕರಿಸುವುದೆಂದರೆ ‘ನಾನು ಈ ಸಭೆಯ ಅಂಗ, ಇದರ ವಿಶ್ವಾಸ ನನ್ನದು’ ಎಂದು ಎಲ್ಲರ ಮುಂದೆ ಸಾರಿದಂತೆ. ಮೊದಲು ಹೇಳಿದ ನಾಲ್ಕು ಕೆಲಸಗಳಲ್ಲಿ ಉಣ್ಣುವುದು, ಆಚರಿಸುವುದು, ನಂಬುವುದು ಮೂರೂ ಇಲ್ಲಿ ಒಂದೇ ತುತ್ತಿನಲ್ಲಿ ಬೆಸೆದುಕೊಂಡಿವೆ. ದೀಕ್ಷಾಸ್ನಾನ ಪಡೆದು ಸಿದ್ಧರಾದ ಕ್ಯಾಥೊಲಿಕರಿಗೆ ಮಾತ್ರ ಅದು. ಬೇರೆ ಸಭೆಗಳ ಕ್ರೈಸ್ತರೂ ಸಾಮಾನ್ಯವಾಗಿ ಅಲ್ಲಿ ಅದನ್ನು ಸ್ವೀಕರಿಸುವುದಿಲ್ಲ. ಅತಿಥಿ ತನ್ನ ಜಾಗದಲ್ಲಿಯೇ ಕೂತಿದ್ದರೆ ಸಾಕು, ಅದೇ ಸರಿಯಾದ ಗೌರವ. ಉಳಿದವರು ನಿಂತಾಗ ನಿಲ್ಲಿ, ಮೊಣಕಾಲೂರಿದಾಗ ಸುಮ್ಮನೆ ಕೂತಿರಿ. ಶಾಂತಿ ಹಾರೈಸುವ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಎಲ್ಲರೂ ಅಕ್ಕಪಕ್ಕದವರಿಗೆ ಕೈಮುಗಿಯುತ್ತಾರೆ; ಅದರಲ್ಲಿ ನೀವೂ ಮನಸಾರೆ ಸೇರಬಹುದು.

ಇನ್ನೊಂದು ಸ್ವಾರಸ್ಯವೂ ಇಲ್ಲಿದೆ. 1969ರಲ್ಲಿ ವ್ಯಾಟಿಕನ್ ಭಾರತದ ಕ್ಯಾಥೊಲಿಕ್ ಪೂಜಾವಿಧಿಗೆ ಹನ್ನೆರಡು ದೇಶೀ ಮಾರ್ಪಾಡುಗಳಿಗೆ ಒಪ್ಪಿಗೆ ಕೊಟ್ಟಿತು. ಕೈಮುಗಿಯುವುದು, ನೆಲದ ಮೇಲೆ ಕೂರುವುದು, ಆರತಿ ಬೆಳಗುವುದು ಅವುಗಳಲ್ಲಿ ಸೇರಿವೆ. ಅಂದರೆ ಗಣೇಶನ ಆರತಿಗೆ ಕೈ ಚಾಚದ ಕ್ರೈಸ್ತ ಗೆಳತಿ ತನ್ನ ಚರ್ಚಿನಲ್ಲಿ ತಾನೇ ಆರತಿ ಎತ್ತಿರಬಹುದು. ಅವರಿಗೆ ಕಷ್ಟವಾಗಿರುವುದು ದೀಪವಲ್ಲ. ಆ ದೀಪ ಯಾರಿಗೆ ಸಲ್ಲುತ್ತಿದೆ ಎಂಬುದು ಅವರ ಪ್ರಶ್ನೆ.

ಪೀಠದ ಸುತ್ತ ಇಷ್ಟು ಬಿಗಿಯಾಗಿರುವ ಅದೇ ಚರ್ಚು, ಅಂಗಳದಲ್ಲಿ ಬಾಗಿಲು ಹಾರುಹೊಡೆದಿರುತ್ತದೆ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಮಾತೆಯ ಹಬ್ಬ ನೋಡಿದವರಿಗೆ ಇದು ಗೊತ್ತು. ಸೀರೆ ಉಟ್ಟ ಮಾತೆ ರಥದಲ್ಲಿ ಹೊರಡುವಾಗ ಸುತ್ತಲಿರುವ ಜನರ ಧರ್ಮವನ್ನು ಲೆಕ್ಕ ಹಾಕಲು ಸಾಧ್ಯವೇ ಇಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜನವರಿಯ ಹಬ್ಬವೂ ಹಾಗೆಯೇ. ಮೇಣದಬತ್ತಿಯ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಮೇಣದಬತ್ತಿ, ಹೂವು, ಹರಕೆ ಎಲ್ಲರಿಗೆ. ಅಪ್ಪ ಮಾತ್ರ ಸಭೆಯವರಿಗೆ. ಕರಾವಳಿಯಲ್ಲಿ ಅದೇ ಸೆಪ್ಟೆಂಬರ್ 8ರಂದು ನಡೆಯುವ ಮೊಂತಿ ಹಬ್ಬದಲ್ಲಿ ಮಕ್ಕಳು ಬಾಲೆ ಮೇರಿಗೆ ಹೂವು ಹಾಕುತ್ತಾರೆ, ಹರಸಿದ ಹೊಸ ತೆನೆಯನ್ನು ಮನೆಗೆ ತಂದು ಹಾಲು ಪಾಯಸದಲ್ಲಿ ಬೆರೆಸಿ ಉಣ್ಣುತ್ತಾರೆ. ಅಂದಿನ ಊಟ ಶುದ್ಧ ಸಸ್ಯಾಹಾರ. ಹೊಸ ಅಕ್ಕಿ ಊಟದ ಹಬ್ಬ ಮಾಡುವ ಯಾವ ಕರಾವಳಿಯ ಮನೆಯವರಿಗೂ ಇದರಲ್ಲಿ ಅಪರಿಚಿತವಾದದ್ದು ಕಡಿಮೆ.

ಹೊರಗು ತೆರೆದು ಒಳಗು ಮುಚ್ಚಿರುವ ಈ ಏರ್ಪಾಟು ಪುರಿಯ ಜಗನ್ನಾಥನಲ್ಲೂ ಇದೆ. ಆ ದೇವಾಲಯದೊಳಗೆ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ. ಆದರೆ ರಥಯಾತ್ರೆಯ ದಿನ ದೇವರೇ ಬೀದಿಗೆ ಬರುತ್ತಾನೆ, ಯಾರು ಬೇಕಾದರೂ ನೋಡಬಹುದು. ಹದಿನೇಳನೆಯ ಶತಮಾನದ ಮುಸ್ಲಿಂ ಭಕ್ತಕವಿ ಸಾಲಬೇಗನ ಸಮಾಧಿಯ ಬಳಿ ರಥ ನಿಂತು ಮುಂದೆ ಹೋಗುವ ಸಂಪ್ರದಾಯವಿದೆ.

ದುಃಖದ ದಿನಕ್ಕೆ ಶುಭಾಶಯ ಬೇಡ

ರಮ್ಜಾನಿನ ಇಫ್ತಾರಿಗೆ ಹೋಗುವುದು ಸುಲಭ. ನೀವು ಉಪವಾಸ ಮಾಡಿರಬೇಕಿಲ್ಲ. ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲೇ ತಲುಪಬೇಕು, ಏಕೆಂದರೆ ಬೆಳಗಿನಿಂದ ನೀರೂ ಕುಡಿಯದವರು ನಿಮಗಾಗಿ ಕಾಯುವಂತಾಗಬಾರದು. ಖರ್ಜೂರ, ನೀರು, ಹಣ್ಣುಗಳಿಂದ ಉಪವಾಸ ಬಿಟ್ಟು ಅವರು ನಮಾಜಿಗೆ ಎದ್ದು ಹೋಗುತ್ತಾರೆ. ನೀವು ಕೂತಿರಿ, ಸ್ವಲ್ಪ ಹೊತ್ತಿನಲ್ಲಿ ಬರುತ್ತಾರೆ, ಊಟ ಆಮೇಲೆ. ಕೆಲವು ಮಸೀದಿಗಳು ಈಗ ಬೇರೆ ಧರ್ಮದವರನ್ನು ಕರೆದು ಒಳಗೆಲ್ಲ ತೋರಿಸುತ್ತವೆ. ಅಂಥ ಕರೆ ಬಂದರೆ ತಪ್ಪಿಸಿಕೊಳ್ಳಬೇಡಿ.

ಮೊಹರಂ ಮಾತ್ರ ನಿಧಾನವಾಗಿ ಅರ್ಥಮಾಡಿಕೊಳ್ಳಬೇಕಾದ ಸಂಗತಿ. ಹಿಜ್ರಿ ವರ್ಷದ ಮೊದಲ ತಿಂಗಳಾದ ಮೊಹರಮಿನ ಹತ್ತನೆಯ ದಿನ, ಕ್ರಿ.ಶ. 680ರಲ್ಲಿ, ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಇರಾಕಿನ ಕರ್ಬಲಾದಲ್ಲಿ ಹತರಾದರು. ಷಿಯಾ ಮುಸ್ಲಿಮರಿಗೆ ಇದು ಎದೆ ಬಡಿದುಕೊಂಡು ಅಳುವ ದಿನ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಷಿಯಾಗಳೇ ಹೆಚ್ಚಾಗಿರುವ ಊರು. ಅಂಥಲ್ಲಿಗೆ ಅಂದು ಹೋಗುವವರು ಸಾವಿನ ಮನೆಗೆ ಹೋಗುವ ಮನಸ್ಸಿನಿಂದ ಹೋಗಬೇಕು. ‘ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬ ಬ್ಯಾನರುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗುಡ್ ಫ್ರೈಡೆಯ ಶುಭಾಶಯವೂ ಅಷ್ಟೇ. ಯೇಸುವಿನ ಮರಣದ ದಿನ ಅದು; ಶುಭ ಕೋರಲು ಎರಡು ದಿನ ಕಾದರೆ ಈಸ್ಟರ್ ಬರುತ್ತದೆ.

ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಇದೇ ಮೊಹರಮಿನ ಅಲಾಯಿ ಹಬ್ಬಕ್ಕೆ ಬಂದರೆ ಇನ್ನೊಂದು ಲೋಕ ತೆರೆದುಕೊಳ್ಳುತ್ತದೆ. ಇಲ್ಲಿ ಅದು ಊರ ಹಬ್ಬ. ಊರವರು ದೇವರೆಂದೇ ಕರೆಯುವ, ಹಸ್ತದ ಆಕಾರದ ಲೋಹದ ಪಂಜಾಗಳನ್ನು ರೇಷ್ಮೆ ಬಟ್ಟೆ ತೊಡಿಸಿ ಕೂರಿಸುತ್ತಾರೆ, ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ, ಮಕ್ಕಳಿಗೆ ಲಾಡಿ ಎಂಬ ಹರಕೆಯ ದಾರ ಕಟ್ಟಿಸುತ್ತಾರೆ, ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸುತ್ತಾರೆ, ಚೊಂಗೆ ಎಂಬ ಸಿಹಿ ಮಾಡುತ್ತಾರೆ. ಹುಲಿವೇಷ, ಹೆಜ್ಜೆ ಕುಣಿತ, ಕತ್ತಲ ರಾತ್ರಿಯ ಮೆರವಣಿಗೆ, ಕೊನೆಗೆ ದೇವರು ಹೊಳೆಗೆ ಹೋಗುವುದು. ಕುಣಿಯುವವರಲ್ಲಿ, ದೇವರನ್ನು ಹಿಡಿಯುವವರಲ್ಲಿ ಹಿಂದೂಗಳೇ ಹೆಚ್ಚಿರುವ ಊರುಗಳಿವೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಈ ಹಬ್ಬ ನಡೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಮಿಗಂತೂ ದೂರದೂರದಿಂದ ಜನ ಸೇರುತ್ತಾರೆ. ಕರ್ಬಲಾದ ಕಥೆಯನ್ನು ಜನಪದರು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಯೂಫ್ರೆಟಿಸ್ ನದಿಯ ದಂಡೆಯಲ್ಲಿ ಹುಸೇನರ ಬಳಗ ಪಟ್ಟ ನೀರಡಿಕೆ ಕೃಷ್ಣೆ, ತುಂಗಭದ್ರೆಯ ದಂಡೆಯವರ ಕಣ್ಣಲ್ಲಿ ನೀರಾಗುತ್ತದೆ.

ಇಲ್ಲಿ ಅತಿಥಿ ಯಾರು, ಮನೆಯವರು ಯಾರು ಎಂದು ವಿಂಗಡಿಸುವುದೇ ಕಷ್ಟ. ಅದೇ ಸಮಯದಲ್ಲಿ ಇನ್ನೊಂದು ಸತ್ಯವನ್ನೂ ಮರೆಯಬಾರದು. ಅನೇಕ ಸುನ್ನಿ ವಿದ್ವಾಂಸರು ಪಂಜಾ, ತಾಬೂತು (ಸಮಾಧಿಯ ಮಾದರಿ), ಕುಣಿತಗಳನ್ನು ಇಸ್ಲಾಮಿಗೆ ಸಲ್ಲದವು ಎನ್ನುತ್ತಾರೆ, ದರ್ಗಾಗಳಲ್ಲಿ ನಡೆಯುವ ಉರುಸುಗಳ ಬಗ್ಗೆಯೂ ಮುಸ್ಲಿಮರೊಳಗೇ ತೀವ್ರ ಭಿನ್ನಾಭಿಪ್ರಾಯವಿದೆ. ಹಾಗಾಗಿ ನಿಮ್ಮ ಊರಿನ ಅಲಾಯಿಯಲ್ಲಿ ಕುಣಿದ ಸಡಗರದಿಂದ ಬೆಂಗಳೂರಿನ ಮುಸ್ಲಿಂ ಸಹೋದ್ಯೋಗಿಗೆ ‘ನಿಮ್ಮ ದೇವರನ್ನು ಹಿಡಿದಿದ್ದೆ’ ಎಂದರೆ ಅವರು ಮುಜುಗರಪಡಬಹುದು. ಒಂದು ಧರ್ಮಕ್ಕೆ ಒಂದೇ ಹಬ್ಬ, ಒಂದೇ ನಡವಳಿಕೆ ಎಂದು ತಿಳಿದರೆ ಎಡವುತ್ತೇವೆ. ಕೇಳಬೇಕಾದದ್ದು ‘ಮುಸ್ಲಿಮರು ಏನು ಮಾಡುತ್ತಾರೆ’ ಎಂದಲ್ಲ, ‘ನಿಮ್ಮ ಮನೆಯಲ್ಲಿ ಹೇಗೆ’ ಎಂದು.

ಹಕ್ಕಿನ ಪಾಲು

ಕೆಲವು ಹಬ್ಬಗಳಲ್ಲಿ ಬೇರೆ ಧರ್ಮದವರಿಗೆ ಅತಿಥಿಯ ಜಾಗವಲ್ಲ, ಹಕ್ಕಿನ ಜಾಗವೇ ಇದೆ. ಬೆಂಗಳೂರು ಕರಗ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುತ್ತದೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಾಲಯವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂದು ಐತಿಹ್ಯ; ಅವನ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದದ ಗೌರವ ಸಲ್ಲುತ್ತ ಬಂದಿದೆ. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿ ಮನೆತನದವರು ಕುರ್‌ಆನ್ ವಾಕ್ಯಗಳನ್ನು ಓದುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ವಿವಾದಕ್ಕೆ ಸಿಕ್ಕಿದೆ. ನನ್ನ ಅಭಿಪ್ರಾಯ ಸ್ಪಷ್ಟ. ಇಂಥ ಪಾಲುಗಳು ಯಾವುದೋ ಸಮಿತಿ ಕೂತು ಕೊಟ್ಟ ರಿಯಾಯಿತಿಯಲ್ಲ. ಊರುಗಳು ತಲೆಮಾರುಗಳ ಕಾಲ ಒಟ್ಟಿಗೆ ಬಾಳಿ ಕಟ್ಟಿಕೊಂಡ ಏರ್ಪಾಟು. ಹೊರಗಿನಿಂದ ಬಂದವರು ಅದನ್ನು ಕಿತ್ತುಹಾಕಲು ಹೊರಟಾಗ ಮೊದಲು ನೋಯುವುದು ಆ ಊರಿನವರಿಗೇ.

2025ರ ಮೈಸೂರು ದಸರಾ ಉದ್ಘಾಟನೆಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಸರ್ಕಾರ ಆಹ್ವಾನಿಸಿದಾಗ ಈ ಚರ್ಚೆ ನ್ಯಾಯಾಲಯಕ್ಕೂ ಹೋಯಿತು. ಉದ್ಘಾಟನೆಯಲ್ಲಿ ಪೂಜೆಯಿದೆ, ಹಿಂದೂಯೇತರರು ಅದನ್ನು ಮಾಡಬಾರದು ಎಂಬುದು ಅರ್ಜಿದಾರರ ವಾದ. ಒಂದು ಧರ್ಮದವರು ಇನ್ನೊಂದು ಧರ್ಮದ ಹಬ್ಬದಲ್ಲಿ ಪಾಲ್ಗೊಳ್ಳುವುದರಿಂದ ಯಾರ ಸಾಂವಿಧಾನಿಕ ಹಕ್ಕಿಗೂ ಧಕ್ಕೆಯಾಗುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಅರ್ಜಿಗಳನ್ನು ತಳ್ಳಿಹಾಕಿತು; ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಪುಷ್ಪಾರ್ಚನೆ ಮಾಡಿ ದಸರಾ ಉದ್ಘಾಟಿಸಿದರು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಇದೇ ಕೆಲಸ ಮಾಡಿದ್ದರು.

ಪಾಲ್ಗೊಳ್ಳುವ ಸ್ವಾತಂತ್ರ್ಯದಷ್ಟೇ, ಪಾಲ್ಗೊಳ್ಳದಿರುವ ಸ್ವಾತಂತ್ರ್ಯವನ್ನೂ ಕಾನೂನು ಕಾಪಾಡುತ್ತದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಗೆ ಒಪ್ಪದೆಂದು ಹಾಡುತ್ತಿರಲಿಲ್ಲ. ಅವರನ್ನು 1985ರಲ್ಲಿ ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು: ಎದ್ದು ನಿಂತದ್ದೇ ಗೌರವ, ಹಾಡದಿರುವುದು ಅವಮಾನವಲ್ಲ. ಆರತಿಯ ಹೊತ್ತಿನಲ್ಲಿ ಸುಮ್ಮನೆ ಎದ್ದು ನಿಂತ ಸಹೋದ್ಯೋಗಿಯನ್ನು ನೋಡಲು ಇದಕ್ಕಿಂತ ಒಳ್ಳೆಯ ದೃಷ್ಟಿ ನನಗೆ ಕಾಣುವುದಿಲ್ಲ. ಶಾಲೆಗಳಿಗೆ ಸಂವಿಧಾನದ 28(3)ನೆಯ ವಿಧಿಯೂ ಇದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಿ ಅಥವಾ ಆರಾಧನೆಯಲ್ಲಿ ತೊಡಗಿಸುವಂತಿಲ್ಲ. ಶಾಲೆಯಲ್ಲಿ ಸರಸ್ವತಿ ಪೂಜೆ, ಕ್ರಿಸ್ಮಸ್, ಈದ್ ಎಲ್ಲವನ್ನೂ ಪರಿಚಯಿಸಲಿ. ಹಾಡು, ಕಥೆ, ತಿಂಡಿ ಇರಲಿ. ಕೈಮುಗಿಸುವುದು, ಕುಂಕುಮ ಇಡಿಸುವುದು, ಪ್ರಾರ್ಥನೆ ಹೇಳಿಸುವುದು ಬಂದಾಗ ಮನೆಯವರನ್ನು ಕೇಳುವುದು ಶಿಕ್ಷಕರ ಕರ್ತವ್ಯ.

ಇನ್ನು ಕರೆಯುವವರ ಕಡೆಯಿಂದ. ನಮ್ಮಲ್ಲಿ ‘ಹಬ್ಬಕ್ಕೆ ಬನ್ನಿ’ ಎಂದಷ್ಟೇ ಹೇಳಿ ನಿಲ್ಲಿಸುತ್ತೇವೆ. ಇನ್ನೆರಡು ಮಾತು ಸೇರಿಸಿದರೆ ಅತಿಥಿಯ ಅರ್ಧ ಆತಂಕ ಕಳೆಯುತ್ತದೆ. ಪೂಜೆ ಹನ್ನೊಂದಕ್ಕೆ, ಊಟ ಒಂದಕ್ಕೆ, ಯಾವ ಹೊತ್ತಿಗೆ ಬಂದರೂ ಸಂತೋಷ ಎಂದು ಹೇಳಿ. ಪೂಜೆಗೆ ಬರಲು ಇಷ್ಟವಿಲ್ಲದವರಿಗೆ ಇದರಲ್ಲಿಯೇ ದಾರಿ ಸಿಕ್ಕಿತು, ಕಾರಣ ಹೇಳುವ ಪ್ರಮೇಯವೂ ಬರಲಿಲ್ಲ. ಏನು ತಿನ್ನುವುದಿಲ್ಲ ಎಂದು ಮೊದಲೇ ವಿಚಾರಿಸಿ. ಕುಂಕುಮ ಹಚ್ಚಲು ಹಣೆಗೆ ನೇರವಾಗಿ ಕೈ ಒಯ್ಯದೆ ಬಟ್ಟಲನ್ನು ಮುಂದಿಡಿ; ಬೇಕೆನಿಸಿದವರು ತಾವೇ ಹಚ್ಚಿಕೊಳ್ಳುತ್ತಾರೆ. ಅತಿಥಿ ದೇವರ ಮುಂದೆ ನಿಂತ ಫೋಟೊವನ್ನು ಅವರನ್ನು ಕೇಳದೆ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅವರ ಬಂಧುಗಳಲ್ಲಿ ಅದನ್ನು ಬೇರೆ ರೀತಿಯಲ್ಲಿ ನೋಡುವವರು ಇರಬಹುದು. ಹೋಗುವವರು ಸಮಯ, ಉಡುಪು, ಚಪ್ಪಲಿ, ತಲೆಯ ಮೇಲಿನ ಬಟ್ಟೆ ಇವನ್ನೆಲ್ಲ ನಾಚಿಕೆಯಿಲ್ಲದೆ ಕೇಳಲಿ. ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲದಿದ್ದರೆ ಹಣ್ಣು ಒಯ್ಯುವುದು ಬಹುಮಟ್ಟಿಗೆ ಎಲ್ಲ ಮನೆಗಳಿಗೂ ಒಪ್ಪುತ್ತದೆ. ನಿಮ್ಮ ಹಬ್ಬ ಬಂದಾಗ, ಕಳೆದ ಸಲ ಜಗುಲಿಯಲ್ಲಿ ಕೂತಿದ್ದವರನ್ನೂ ಅಷ್ಟೇ ಒತ್ತಾಯದಿಂದ ಕರೆಯಿರಿ.